ಒಂದು ಸಲ ಒತ್ತಿದರೆ ಹೂಂ

ಆ ದಿನ ದರ್ಜಿಯ ಹೆಂಡತಿಯ ಹೊಟ್ಟೆಕಿಚ್ಚಿನ ಮೇಲೆ ಒಂದು ಹಂಡೆ ಇಟ್ಟಿದ್ದರೆ ನಾಲ್ಕು ಮಹಡಿಯ ಆಸ್ಪತ್ರೆಗೆಲ್ಲ ಬಿಸಿನೀರು ಸಾಕಾಗಿ, ಮಿಕ್ಕಿದ್ದು ಬೀದಿಗೆ ಹರಿಯುತ್ತಿತ್ತು. ಕಾರಣ ಇಷ್ಟೇ: ಐಸಿಯುವಿನ ಮೂರನೇ ಮಂಚದಲ್ಲಿ ಮಲಗಿದ್ದ ಅವಳ ಗಂಡ ಹಾಡಹಗಲೇ ನರ್ಸಿನ ಕೈ ಹಿಡಿದು, "ಇವಳೇ, ಕತ್ತರಿ ಎಲ್ಲಿಟ್ಟೆ?" ಎಂದು ಕೇಳಿದ್ದ.

ಇವಳೇ! ಇಪ್ಪತ್ತೆರಡು ವರ್ಷಗಳಿಂದ ಇಡೀ ಭೂಮಂಡಲದಲ್ಲಿ ಆ ಬಿರುದು ಅವಳೊಬ್ಬಳಿಗೇ ಮೀಸಲಾಗಿತ್ತು. ಬೇರೆ ಹೆಸರು ಹಿಡಿದು ಅವನು ಕರೆದದ್ದೇ ಇಲ್ಲ. ಈಗ ನೋಡಿದರೆ ಅದನ್ನು ನೀಲಿ ಸಮವಸ್ತ್ರದ ಈ ಹುಡುಗಿಗೆ ದಾನ ಮಾಡಿ ಕೂತಿದ್ದಾನೆ.

"ರೀ, ನಾನು ಇಲ್ಲಿದೀನಿ," ಎಂದಳು.

ದರ್ಜಿ ಕಣ್ಣು ಕಿರಿದು ಮಾಡಿ ನೋಡಿದ. "ಎದುರು ಅಂಗಡಿಯವಳು ಇಲ್ಲಿಗೂ ಬಂದ್ಲಾ? ಇವಳೇ, ಅಳತೆ ಪುಸ್ತಕ ಮುಚ್ಚಿಡು."

ಭೂತ ಅಂದಿದ್ದರೂ ಸಹಿಸುತ್ತಿದ್ದಳು. ಎದುರು ಅಂಗಡಿಯವಳು! ಕಾಲರಿನ ತುದಿ ನೆಟ್ಟಗೆ ಕೂರಿಸಲು ಬಾರದ, ಗಿರಾಕಿಗಳನ್ನು ಹಲ್ಲುಕಿರಿದೇ ಎಳೆದುಕೊಳ್ಳುವ ಆ ಮಹಾತಾಯಿ!

ನರ್ಸು ಮೆಲ್ಲಗೆ ಅವಳನ್ನು ಪಕ್ಕಕ್ಕೆ ಕರೆದಳು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಕಿಡ್ನಿಯಲ್ಲಿ ಶುರುವಾದ ಸೋಂಕು ರಕ್ತಕ್ಕೆ ಏರಿದೆ. ಮೈಯೆಲ್ಲ ಅದರ ಜೊತೆ ಹೊಡೆದಾಡ್ತಿದೆ. ಆ ಹೊಡೆದಾಟದ ಬಿಸಿ ಮಿದುಳಿಗೂ ತಟ್ಟತ್ತೆ. ಕ್ರಿಮಿ ತಲೆಗೆ ಹೋಗದೇ ಇದ್ರೂ ತಲೆ ಮಂಕಾಗತ್ತೆ. ಒಂದು ಗಳಿಗೆ ಸರಿ ಇರ್ತಾರೆ, ಇನ್ನೊಂದು ಗಳಿಗೆ ಇಲ್ಲ."

"ನನ್ನ ಗುರುತು ಮತ್ತೆ ಹತ್ತತ್ತಾ?"

"ತುಂಬ ಜನಕ್ಕೆ ಸರಿಹೋಗತ್ತೆ. ಕೆಲವರಿಗೆ ಮರೆವು ಉಳ್ಕೊಳ್ಳತ್ತೆ. ಅದಕ್ಕೇ ದಿನಾ ಪರೀಕ್ಷೆ ಮಾಡ್ತೀವಿ."

ಪರೀಕ್ಷೆ ಎಂಥದು ಗೊತ್ತೇ? ನರ್ಸು ಅವನ ಕೈ ಹಿಡಿದುಕೊಂಡು ಒಂದೊಂದೇ ಅಕ್ಷರ ಹೇಳುವುದು, 'ಕ' ಬಂದಾಗ ಮಾತ್ರ ಅವನು ಅವಳ ಕೈ ಒತ್ತುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮದುವೆಯ ದಿನ ಫೋಟೊದವನು ಹೇಳಿದಾಗಲೂ ಈ ಮನುಷ್ಯ ಹೆಂಡತಿಯ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ! ಸಾಲದ್ದಕ್ಕೆ ಅವನು 'ಮ'ಕ್ಕೂ ಒತ್ತಿದ, 'ಟ'ಕ್ಕೂ ಒತ್ತಿದ.

"ಕಲ್ಲು ನೀರಲ್ಲಿ ತೇಲತ್ತಾ ಅಣ್ಣಾ?"

"ಓಹೋ, ಜೋರಾಗಿ ತೇಲತ್ತೆ."

"ಇವತ್ತೂ ಫೇಲು," ಎಂದು ನರ್ಸು ಬರೆದುಕೊಂಡಳು. "ಪಾಸಾಗೋ ತನಕ ಐಸಿಯು ಬಿಟ್ಟು ಕಳಿಸಲ್ಲ."

ಹಾಗಾದರೆ ಪಾಸಾಗಲೇಬೇಕು ಎಂದು ದರ್ಜಿಯ ಹೆಂಡತಿ ಹಲ್ಲು ಕಚ್ಚಿದಳು.

ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅವನು ಮೇಜಿನ ಮುಂದೆ ನಿಂತು ಅಳತೆ ತೆಗೆಯುವಾಗ, ಮಷಿನ್ನಿನ ಮುಂದೆ ಕೂತ ಅವಳು ಕಾಲು ಚಾಚಿ ಅವನ ಪಾದ ಒತ್ತುತ್ತಿದ್ದಳು. "ಶುಕ್ರವಾರಕ್ಕೆ ಕೊಡ್ತೀರಾ?" ಎಂದು ಗಿರಾಕಿ ಕೇಳಿದರೆ, ಒಂದು ಸಲ ಒತ್ತಿದರೆ ಹೂಂ, ಎರಡು ಸಲ ಒತ್ತಿದರೆ ಊಹೂಂ. ಅವನ ತಲೆ ಮರೆತರೂ ಪಾದ ಮರೆಯುವ ವಿದ್ಯೆಯಲ್ಲ ಅದು.

ಮರುದಿನ ಬೆಳಿಗ್ಗೆ ಪರೀಕ್ಷೆಯ ಹೊತ್ತಿಗೆ ಅವಳು ಮಂಚದ ತುದಿಯಲ್ಲಿ ಕೂತು ಹೊದಿಕೆಯೊಳಗೆ ಕೈ ತೂರಿಸಿದಳು. 'ಕ' ಬಂತು, ಅವನ ಕಾಲಿನ ಹೆಬ್ಬೆರಳು ಒತ್ತಿದಳು. ಅವನು ನರ್ಸಿನ ಕೈ ಒತ್ತಿದ. ಒಂದೂ ತಪ್ಪಲಿಲ್ಲ. ಕಲ್ಲು ತೇಲುತ್ತದೆಯೇ? ಎರಡು ಒತ್ತು. "ಊಹೂಂ."

ಡಾಕ್ಟರು ಬಂದು ನೋಡಿ ಹಿಗ್ಗಿದರು. "ಭೇಷ್! ತಲೆ ತಿಳಿಯಾಗಿದೆ. ಸಂಜೆ ಸಾಮಾನ್ಯ ವಾರ್ಡಿಗೆ ಕಳಿಸೋಣ."

ದರ್ಜಿಯ ಹೆಂಡತಿ ಆ ಹುಡುಗಿಯತ್ತ ನೋಡಿದ ನೋಟದಲ್ಲಿ ಮೂರು ಸಾಮ್ರಾಜ್ಯ ಗೆದ್ದ ಸೊಕ್ಕಿತ್ತು. ಆದರೆ ಗೆಲುವಿನ ಆಯುಷ್ಯ ಅರ್ಧ ಗಂಟೆ. ಗಂಡ ತನ್ನ ಕತ್ತಿಗೆ ಚುಚ್ಚಿದ್ದ ಔಷಧದ ನಳಿಕೆಗೆ ಕೈ ಹಾಕಿದ. "ಯಾರೋ ಅಳತೆ ಟೇಪು ನನ್ನ ಕತ್ತಿಗೇ ಹೊಲಿದುಬಿಟ್ಟಿದಾರೆ," ಎಂದು ಎಳೆಯತೊಡಗಿದ. ನರ್ಸು ಓಡಿ ಬಂದು ಕೈ ಹಿಡಿಯದಿದ್ದರೆ ಅದು ಕಿತ್ತೇ ಬರುತ್ತಿತ್ತು.

ಐವತ್ತು ಮಂಚಗಳಿಗೆ ಇಬ್ಬರೇ ನರ್ಸುಗಳಿರುವ ವಾರ್ಡಿನಲ್ಲಿ ಯಾರು ಓಡಿ ಬರುತ್ತಾರೆ? ತಾನು ಗೆದ್ದದ್ದು ಯಾರ ಜೀವ ಪಣಕ್ಕಿಟ್ಟು!

"ಸಿಸ್ಟರ್, ಅವರು ಪಾಸಾಗಿಲ್ಲ," ಎಂದಳು. "ಕಾಲು ಒತ್ತಿ ಪಾಸು ಮಾಡಿಸಿದ್ದು ನಾನು."

"ಯಾಕಕ್ಕಾ?"

"ನೀವು... ದಿನಾ ಕೈ ಹಿಡ್ಕೊಳ್ತೀರಲ್ಲ."

ನರ್ಸಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಎರಡನ್ನೂ ನುಂಗಿ ಡಾಕ್ಟರಿಗೆ ಹೇಳಿ ಬಂದಳು, ವರ್ಗಾವಣೆ ನಿಂತಿತು. "ಕಾಲು ಬಿಡಿ, ಬಾಯಿಗೆ ಕೆಲಸ ಕೊಡಿ," ಎಂದಳು. "ಅವರ ಕನ್ನಡಕ ತಂದು ಹಾಕಿ. ಇವತ್ತು ಯಾವ ವಾರ, ಇದು ಯಾವ ಜಾಗ, ಹೇಳ್ತಾನೇ ಇರಿ. ನಿಮ್ಮ ದನಿ ಅವರಿಗೆ ಗೊತ್ತಿರೋ ದನಿ."

ಅವಳು ಹೇಳಿದಳು, ಹೇಳಿದಳು, ಮಂಚದ ಕಬ್ಬಿಣಕ್ಕೂ ಬಾಯಿಪಾಠ ಆಗುವಷ್ಟು ಹೇಳಿದಳು. ಜ್ವರ ಇಳಿಯಿತು. ಐದನೇ ದಿನ ನರ್ಸು ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿ, "ಎರಡೂ ಕೈ ಕಾಣೋ ಹಾಗಿರಲಿ," ಎಂದು ಪರೀಕ್ಷೆ ಶುರುಮಾಡಿದಳು. ದರ್ಜಿ 'ಕ'ಕ್ಕೆ ಮಾತ್ರ ಒತ್ತಿದ. ಕಲ್ಲು ಮುಳುಗಿತು.

"ಅಲ್ಲಿ ನಿಂತಿರೋದು ಯಾರು ಅಣ್ಣಾ?"

ಅವನು ಕನ್ನಡಕದೊಳಗಿಂದ ನೋಡಿದ.

"ನನ್ನ ಹೆಂಡತಿ," ಎಂದ. "ಎದುರು ಅಂಗಡಿಯವಳು ಇಷ್ಟು ಸಿಟ್ಟಲ್ಲಿ ನೋಡಲ್ಲ. ಇವಳೇ, ಈ ತಾಯಿ ಅಂಗಿ ತೋಳು ನೋಡು, ಎಷ್ಟು ಸೊಟ್ಟ ಕೂಡಿಸಿದಾರೆ. ನೀನು ಹೊಲಿದಿದ್ರೆ ಹೀಗಿರ್ತಿರಲಿಲ್ಲ."

ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಹೊಲಿಗೆಗೆ ಸಿಕ್ಕ ಮೊದಲ ಹೊಗಳಿಕೆ! ಅವಳು ಒಂದೇ ಹೆಜ್ಜೆಗೆ ಮಂಚ ಮುಟ್ಟಿದಳು.

ನರ್ಸು ಸುಮ್ಮನಿರಬಾರದೇ? "ಮತ್ತೆ ನಾನ್ಯಾರು, ನೆನಪಿದೆಯಾ? ವಾರವೆಲ್ಲ ನನ್ನನ್ನೇ ಇವಳೇ ಅಂತಿದ್ರಿ."

ದರ್ಜಿ ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಹೊದಿಕೆಯ ಕೆಳಗೆ ಅವನ ಹೆಬ್ಬೆರಳಿಗೆ ಒತ್ತು ಬಿತ್ತು. ಎರಡು ಸಲ.

"ಇಲ್ಲ ತಾಯಿ," ಎಂದ, "ಒಂಚೂರೂ ನೆನಪಿಲ್ಲ."