ಕೆರೆ ಸಮಿತಿಯ ಸದಸ್ಯೆ

"ಕೊಡ ಅಲ್ಲೇ ಇಡು! ಮೆಟ್ಲ ಮ್ಯಾಲಿ ಕಾಲಿಟ್ಟಿ ಅಂದ್ರ ಕಾಲ್ ಮುರೀತೀನಿ, ರಂಡಿ!"

ಕೆರೆಯ ಮೆಟ್ಟಿಲಲ್ಲಿ ನಿಂತು ಗುರುಬಸಮ್ಮ ಕೂಗಿದಳು. ಎರ್ರೆಮ್ಮ ಕೊಡವನ್ನು ಏರಿಯ ಕಲ್ಲಿಗೆ ಒರಗಿಸಿ ಹಿಂದೆ ಸರಿದಳು. ಕೇರಿಯ ಬೋರು ಕೆಟ್ಟಾಗಿನಿಂದ ಬೆಳಗಾದರೆ ಇದೇ ಪಾಡು. ಊರವರು ಯಾರಾದರೂ ಮನಸ್ಸು ಮಾಡಿ ನೀರೆತ್ತಿ ಹೊಯ್ಯುವವರೆಗೂ ಕಾಯಬೇಕು. ಸೆರಗು ಹಿಡಿದು ನಿಂತಿದ್ದ ಮಗಳು ಹುಲುಗಿ ಏನೋ ಕೇಳಲು ಬಾಯಿ ತೆರೆದಳು. ಎರ್ರೆಮ್ಮ ಅವಳ ತುಟಿಯ ಮೇಲೆ ಮೆಲ್ಲಗೆ ಬೆರಳಿಟ್ಟಳು.

ಅಷ್ಟರಲ್ಲಿ ಗುರುಬಸಮ್ಮನ ಗಂಡ ಪಾಲಾಕ್ಷಪ್ಪಗೌಡ ಏದುಸಿರು ಬಿಡುತ್ತ ಏರಿ ಹತ್ತಿ ಬಂದು, ಹೊಸ ಸೀರೆಯೊಂದನ್ನು ಎರ್ರೆಮ್ಮನ ಮುಂದೆ ಎಸೆದ.

"ನೀರು ಆಮ್ಯಾಲಿ. ಕೂಡ್ಲಿಗಿಯಿಂದ ಎಂಜಿನಿಯರ್ ಬರಾಕತ್ಯಾರ. ಇದನ್ನ ಉಟ್ಗಂಡು ಬಾ. ನೀನು ಕೆರಿ ಸಮಿತಿ ಸದಸ್ಯಿ."

"ನಾನಾ? ಯಾವಾಗ ಆದ್ನಿರಿ ಗೌಡ್ರ?"

"ಹೋದ ವರ್ಷನ ಆಗೀಯಲೇ! ಕೇರಿ ಹೆಂಗಸು ಇಲ್ದಿದ್ರ ಸರಕಾರ ದುರಸ್ತಿ ರೊಕ್ಕ ಬಿಡಂಗಿಲ್ಲ. ಕೆರಿ ನೀರು ಎಲ್ರಿಗೂ ಒಂದ ಅನ್ನು. ಮತ್ತೇನಾರ ಬೊಗಳಿದಿ, ನಿನ್ ಗಂಡನ ನೀರಗಂಟಿಕಿ ಕಿತ್ತು ಬಿಸಾಡ್ತೀನಿ."

ತೂಬು ತೆರೆದು ಗೌಡರ ಗದ್ದೆಗೆ ನೀರು ಬಿಡುವ ನೀರಗಂಟಿ ಕೆಲಸ ಅವಳ ಗಂಡ ರಾಮಣ್ಣನಿಗೆ ಅಪ್ಪನಿಂದ ಬಂದದ್ದು. ಎರ್ರೆಮ್ಮ ಸೀರೆ ಉಟ್ಟಳು. ಮಗಳ ತಲೆ ಬಾಚಿ ಜಡೆ ಹಾಕಿದಳು. ಕೆರೆ ದುರಸ್ತಿಯಾದರೂ ಹೂಳು ಮಣ್ಣು ಯಾರ ಹೊಲಕ್ಕೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಜೀಪಿನಿಂದಿಳಿದ ಎಂಜಿನಿಯರ್ ಶೈಲಾ ಮೇಡಂ ಹಳೆಯ ತೂಬು ತೋರಿಸಲು ಹೇಳಿದರು.

"ಏ ರಾಮ, ಇಳಿಯಲೇ!" ಎಂದ ಪಾಲಾಕ್ಷಪ್ಪ. "ನೋಡ್ರಿ ಮೇಡಂ, ಮೀನಿದ್ದಂಗ ಅದಾನ ಸೂಳೇಮಗ."

ರಾಮಣ್ಣ ಮೆಟ್ಟಿಲ ಪಕ್ಕದಲ್ಲೇ ಧುಮುಕಿ ಮುಳುಗಿದ. ತೂಬಿನ ಬೆಣೆ ಕಿತ್ತುಕೊಂಡು, ಬಾಯಿಗೆ ಹೊಕ್ಕ ನೀರು ಉಗುಳುತ್ತ ಮೇಲೆದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುಬಸಮ್ಮ ಆ ಕದಡಿದ ನೀರನ್ನೇ ಅತ್ತಿತ್ತ ಸರಿಸಿ ಕೊಡ ತುಂಬಿಕೊಂಡಳು. ಎರ್ರೆಮ್ಮ ಕಣ್ಣು ಕೀಳದೆ ನೋಡಿದಳು.

"ಇಲ್ಲಿ ಭೇದಭಾವ ಏನಾದ್ರೂ ಇದೆಯಾ ಎರ್ರೆಮ್ಮ?" ಮೇಡಂ ಕೇಳಿದರು. "ಇದ್ರೆ ಅನುದಾನಕ್ಕೆ ನಾನು ಶಿಫಾರಸು ಮಾಡೋದಿಲ್ಲ."

ಪಾಲಾಕ್ಷಪ್ಪ ಕೆಮ್ಮಿದ.

"ಇಲ್ರಿ ಮೇಡಮ್ಮಾರ. ಕೆರಿ ನೀರು ಎಲ್ರಿಗೂ ಒಂದರಿ." ಗೌಡನ ಮೀಸೆ ಅರಳಿತು. "ತಡೀರಿ, ತೋರಸ್ತೀನಿ," ಎಂದಳು.

ಎರ್ರೆಮ್ಮ ಕೊಡ ಎತ್ತಿಕೊಂಡು ಮೆಟ್ಟಿಲಿಳಿದಳು. ಕೊಡ ಬಗ್ಗಿಸಿ ನೀರಿಗೆ ಅದುಮಿದಳು.

"ಅಯ್ಯಯ್ಯೋ, ಮುಟ್ಟಿದ್ಲಲ್ರೀ! ನೀರೆಲ್ಲ ಮೈಲಿಗಿ ಆತಲ್ರೀ!" ಗುರುಬಸಮ್ಮ ಚೀರಿದಳು.

"ಬಾಯಿ ಮುಚ್ಚಲೇ, ಹಲ್ಕಟ್!" ಪಾಲಾಕ್ಷಪ್ಪ ಹೆಂಡತಿಯ ಮೇಲೆ ಹಾರಿದ. ಮೇಡಂ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು. ಅವನು ಹಣೆಯ ಬೆವರು ಒರೆಸಿಕೊಂಡ.

ಎರ್ರೆಮ್ಮನಿಗೆ ಅದು ಸಾಲಲಿಲ್ಲ. ತುಂಬಿದ ಕೊಡವನ್ನು ಗೌಡನ ಮುಖ ನೋಡುತ್ತಲೇ ಕೆರೆಗೆ ಸುರಿದು, ಮತ್ತೆ ಅದುಮಿದಳು. ಕೊಡ ಗುಳುಗುಳು ನಗುತ್ತ ತುಂಬತೊಡಗಿತು.

ಮಗಳ ಬಾಯಿ ಮುಚ್ಚಲು ಅವಳ ಕೈಗೆ ಬಿಡುವಿರಲಿಲ್ಲ. ಹುಲುಗಿ ನೀರು ತೊಟ್ಟಿಕ್ಕುತ್ತಿದ್ದ ಅಪ್ಪನನ್ನು ನೋಡಿದಳು, ಗುರುಬಸಮ್ಮನ ಕೊಡವನ್ನು ನೋಡಿದಳು.

"ಅಮ್ಮಾರ, ನಮ್ಮಪ್ಪ ತಲಿಮಟ ಮುಳುಗಿದ ನೀರು ತುಂಬ್ಕಂಡ್ರಲ್ರಿ. ನಮ್ಮವ್ವನ ಕೊಡ ಮುಳುಗಿದ್ರ ಯಾಕ್ರಿ ಮೈಲಿಗಿ?"