ನೀರು ಹಾಕದ ಹಾಸಿಗೆ

ಗೊರೆಟ್ಟಿ ಲದ್ದಿ ಎತ್ತುವ ಉದ್ದ ಹಿಡಿಯ ಫೋರ್ಕನ್ನು ಮೆಲ್ಲಗೆ ಅಲ್ಲಾಡಿಸಿದಳು. ಮರದ ಹುಡಿಯೆಲ್ಲ ಹಲ್ಲುಗಳ ಸಂದಿನಿಂದ ಕೆಳಗೆ ಉದುರಿ, ಲದ್ದಿ ಮಾತ್ರ ಮೇಲುಳಿಯಿತು. ಅದನ್ನು ತಳ್ಳುಗಾಡಿಗೆ ಎಸೆದಳು. ಮಣ್ಣಿಗೆ ಹೋಗಲು ಉಟ್ಟಿದ್ದ ಕಪ್ಪು ಲಂಗದ ಮೇಲೆ ಅಪ್ಪನ ಹಳೇ ಕೋಟು ಏರಿಸಿಕೊಂಡಿದ್ದಳು. ಅಪ್ಪ ಡೆನಿ ಕೆಹೋ ನಿನ್ನೆಯಿಂದ ಚರ್ಚಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಅವನು ಸತ್ತನೆಂದು ಕುದುರೆಗಳೇನೂ ಲದ್ದಿ ಹಾಕುವುದನ್ನು ನಿಲ್ಲಿಸಿರಲಿಲ್ಲ.

"ತಳ ಕೆದಕ್ಬೇಡ, ತಾಯಿ," ಪಕ್ಕದ ಲಾಯದಿಂದ ಮೊಸ್ಸಿ ಕೂಗಿದ. "ಒದ್ದೆ ಎಲ್ಲಾ ತಳಕ್ಕೆ ಇಳಿದು ಕೂತಿರುತ್ತೆ. ವಾರಕ್ಕೊಂದ್ಸಲ ತೆಗೆದ್ರೆ ಸಾಕು. ನಿಮ್ಮಪ್ಪ ಅಷ್ಟೂ ಕಲಿಸ್ಲಿಲ್ವಾ?"

"ನಾನೇ ಅವನಿಗೆ ಕಲಿಸಿದ್ದು."

"ಓಹೋ! ಹಂಗಾದ್ರೆ ಆ ಮೂಲೇಲಿರೋ ಹೊಸ ಚೀಲ ಮಾತ್ರ ಮುಟ್ಬೇಡ, ಮಾರಾಯ್ತಿ. ಇನ್ನೊಂದು ಕುದುರೆ ಕೊಲ್ಲೋಕೆ ಇವತ್ತು ಒಳ್ಳೇ ದಿನ ಅಲ್ಲ."

ತನ್ನ ಮಾತಿಗೆ ತಾನೇ ನಕ್ಕ. ನಗದೆ ಏನು ಮಾಡುತ್ತಾನೆ? ಡೆನಿಯ ಕೆಳಗೆ ವರ್ಷಗಟ್ಟಲೆ ದುಡಿದವನು. ಈಗ ಆ ಕೆಲಸ ತನಗೇ ಎಂದು ಬೆಳಗಿನಿಂದ ಶಿಳ್ಳೆ ಹಾಕುತ್ತಿದ್ದ. ನಮ್ಮ ಐರ್ಲೆಂಡಿನ ಕಿಲ್ಕೆನ್ನಿ ಕಡೆ ಕುದುರೆ ಅಂಗಳಗಳಲ್ಲಿ ಕೆಲಸ ಯಾರದೋ ಅಂಗಳದಂಚಿನ ಮನೆಯೂ ಅವರದೇ. ಮೊಸ್ಸಿ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ, ಅವಳ ಮಕ್ಕಳ ಬೈಸಿಕಲ್ಲುಗಳ ನಡುವೆ ಮಲಗುವವನು. ಡೆನಿಯ ಮನೆಯಲ್ಲಿ ಮಲಗಿರುವವಳು ಗೊರೆಟ್ಟಿಯ ತಾಯಿ ಪೆಗ್. ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿದೆ. ಆ ಮನೆ ಹೋದರೆ ಅವಳಿಗೆ ಸರ್ಕಾರಿ ವೃದ್ಧಾಶ್ರಮವೇ ಗತಿ. ಅಲ್ಲಿಗೆ ಸೇರಿದ್ದ ತನ್ನ ಅಕ್ಕನನ್ನು ಪೆಗ್ ಹಿಂದೆ ನೋಡಿ ಬಂದಿದ್ದಳು. "ನನ್ನನ್ನ ಅಲ್ಲಿಗೆ ಮಾತ್ರ ಕಳಿಸ್ಬೇಡ ಕಣೇ" ಎಂದು ರಾತ್ರಿಯೆಲ್ಲ ಮಗಳ ಕೈ ಹಿಡಿದು ಅತ್ತಿದ್ದಳು.

ಇವತ್ತು ಯಜಮಾನಿಯ ಹತ್ತಿರ ಕೇಳಲೇಬೇಕು. ತನ್ನನ್ನು ಕುದುರೆ ಕೊಂದವಳೆಂದು ಓಡಿಸಿದ ಯಜಮಾನಿಯ ಹತ್ತಿರ.

*

ಮೊದಲು ಲಾಯಗಳಿಗೆ ಒಣಹುಲ್ಲು ಹಾಸುತ್ತಿದ್ದರು. ಯಜಮಾನಿ ಮಿಸೆಸ್ ಪ್ರೆಂಡರ್‌ಗಾಸ್ಟ್ ಹುಲ್ಲು ಬಿಡಿಸಿ, ಮರದ ಹುಡಿ ಒತ್ತಿ ಮಾಡಿದ ಗುಳಿಗೆಯ ಚೀಲಗಳನ್ನು ತರಿಸಿದಾಗ ಡೆನಿಗೆ ಮೈಯೆಲ್ಲ ಉರಿಯಿತು. ಚೀಲ ಸುರಿಯಬೇಕು, ನೀರು ಹಾಕಬೇಕು, ಗುಳಿಗೆ ಉಬ್ಬಿ ಒಡೆದು ಮೆತ್ತಗಾಗುವ ತನಕ ಕಾಯಬೇಕು, ಆಮೇಲೆ ಕುದುರೆ ಬಿಡಬೇಕು.

"ಹಾಸಿಗೆಗೆ ನೀರು ಹೊಯ್ದು ಮಲಗಿಸ್ಬೇಕಂತೆ! ಯಾವ ಹುಚ್ಚಾಸ್ಪತ್ರೆಯಿಂದ ಕಲಿತು ಬಂದ್ಲೋ ನಮ್ಮಮ್ಮಾವ್ರು," ಎಂದು ಬೈದುಕೊಂಡೇ ಓಡಾಡಿದ. ನೀರಿನ ಪೈಪು ಎಳೆಯುವ ಕೆಲಸ ಮಗಳ ಪಾಲಿಗೆ ಬಂತು.

ಒಂದು ಸಂಜೆ ಗೊರೆಟ್ಟಿ ಅಮ್ಮನಿಗೆ ಊಟ ಮಾಡಿಸಲು ಮನೆಗೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಡೆನಿ, ಮೊಸ್ಸಿಯ ಎದುರಿಗೇ, ಒಣ ಗುಳಿಗೆಯನ್ನೇ ಸುರಿದು, ಬೇಟೆಯಿಂದ ಹಸಿದು ಬಂದಿದ್ದ ಹೆಣ್ಣು ಕುದುರೆಯನ್ನು ಅದರ ಮೇಲೆ ಬಿಟ್ಟಿದ್ದ. ಕುದುರೆಗೆ ತಿನ್ನಲು ಕೊಡುವ ಗುಳಿಗೆಯೂ ಅದೇ ಗಾತ್ರ, ಹೆಚ್ಚುಕಮ್ಮಿ ಅದೇ ಬಣ್ಣ. ಪಾಪ, ಅದಕ್ಕೇನು ಗೊತ್ತು? ಬಾಯಿ ತುಂಬ ತಿಂದಿತು. ನುಂಗಿದ್ದು ಗಂಟಲಲ್ಲೇ ಉಬ್ಬಿತು. ಕತ್ತು ಚಾಚಿ, ಮೂಗಿನಿಂದ ಹಸಿರು ನೀರು ಸುರಿಸುತ್ತ ಕುದುರೆ ಗೋಡೆಗೆ ಒರಗಿತು. ವೈದ್ಯ ಬಂದರೂ ಉಳಿಯಲಿಲ್ಲ.

ಯಜಮಾನಿ ಬಾಗಿಲಲ್ಲಿ ನಿಂತು, "ಯಾರು?" ಎಂದು ಕೇಳಿದಳು.

ಡೆನಿ ಫೋರ್ಕು ಎತ್ತಿ ಮಗಳ ಕಡೆ ತೋರಿಸಿದ. "ಇವಳು, ಅಮ್ಮಾವ್ರೇ. ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ."

ಗೊರೆಟ್ಟಿ ಬಾಯಿ ತೆರೆದಳು. ಅಂಗಳದಾಚೆ ಅಮ್ಮನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಮರುದಿನ ವಾಟರ್‌ಫರ್ಡಿನ ಬಸ್ಸು ಹತ್ತಿದವಳು ಅಲ್ಲೊಂದು ಮೀನಿನ ಕಾರ್ಖಾನೆ ಸೇರಿದಳು. ಡೆನಿ ಆಮೇಲೆ ಎಲ್ಲ ಲಾಯಗಳಿಗೂ ತಪ್ಪದೆ ನೀರು ಹಾಕಿದ. ಇಡೀ ಸೀಮೆಯಲ್ಲಿ ಅವನಷ್ಟು ಚೆನ್ನಾಗಿ ಹಾಸುವವನು ಇಲ್ಲ ಎಂದು ಹೆಸರಾಯಿತು.

*

ಸ್ಮಶಾನದಲ್ಲಿ ಎಲ್ಲರೂ ಸಾಲಾಗಿ ಬಂದು ಗೊರೆಟ್ಟಿಯ ಕೈ ಕುಲುಕಿದರು. "ದೊಡ್ಡ ದುಃಖ ಬಂತಮ್ಮ" ಎಂದು ಒಂದೇ ಮಾತು ಹೇಳಿ ಮುಂದೆ ಹೋದರು. ಪೆಗ್‌ಳನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದ ನೆರೆಮನೆಯ ನೋರಾಗೆ ಮಾತ್ರ ನಾಲಿಗೆ ತುರಿಸುತ್ತಿತ್ತು.

"ಡೆನಿ ಹಾಸಿದ್ರೆ ನಾನೇ ಹೋಗಿ ಮಲಗ್ಬೇಕು ಅನ್ಸೋದು," ಎಂದಳು ಪಕ್ಕದವಳಿಗೆ. "ಹೆಂಡ್ತಿ ಹಾಸಿಗೆ ನೋಡ್ಬೇಕಿತ್ತು ನೀನು. ಮೊನ್ನೆ ಹೋದಾಗ ಮೂಗು ಮುಚ್ಕೊಂಡು ಬದಲಾಯಿಸ್ದೆ."

"ಶ್! ಮಣ್ಣು ಹಾಕೋ ತನಕನಾದ್ರೂ ಸುಮ್ನಿರು."

ಮಣ್ಣು ಹಾಕಿ ಆಯಿತು. ಮನೆಯಲ್ಲಿ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್ಚು. ಯಜಮಾನಿ ಕೈಗವಸು ಬಿಚ್ಚದೆ ಬಾಗಿಲ ಬಳಿಯೇ ನಿಂತಳು. ಮೊಸ್ಸಿ ಓಡಿ ಹೋಗಿ ಅವಳಿಗೆ ಕುರ್ಚಿ ತಂದ. ಆಗಲೇ ಮನೆಯ ಯಜಮಾನನಾದ ಹಾಗೆ.

ಗೊರೆಟ್ಟಿ ಕಪ್ಪು ಕೆಳಗಿಟ್ಟಳು. "ಅಮ್ಮಾವ್ರೇ, ಅಪ್ಪನ ಕೆಲಸ ನಾನು ಮಾಡ್ತೀನಿ. ಅಮ್ಮ ಈ ಮನೇಲೇ ಇರ್ಲಿ."

ಮೊಸ್ಸಿಗೆ ಚಹಾ ನೆತ್ತಿಗೇರಿತು. "ನೀನಾ? ಅಮ್ಮಾವ್ರ ಕುದುರೆ ನುಂಗಿದವಳು ನೀನಲ್ವೇನೇ?"

"ಅದು ನಾನಲ್ಲ." ಗೊರೆಟ್ಟಿಯ ದನಿ ಇಡೀ ಕೋಣೆಗೆ ಕೇಳಿಸಿತು. "ಒಣ ಗುಳಿಗೆ ಸುರಿದವನು ಅಪ್ಪ. ನಿನಗೂ ಗೊತ್ತು, ಮೊಸ್ಸಿ. ನೀನು ಅಲ್ಲೇ ಇದ್ದೆ."

"ನಾನೇನೂ ನೋಡ್ಲಿಲ್ಲಪ್ಪ." ಮೊಸ್ಸಿ ಇನ್ನೊಂದು ಸ್ಯಾಂಡ್‌ವಿಚ್ಚು ಎತ್ತಿಕೊಂಡ.

"ಥೂ ನಿನ್ನ!" ಎಂದದ್ದು ಪೆಗ್. ಮೊಸ್ಸಿಗಲ್ಲ, ಮಗಳಿಗೆ. ಸೊಟ್ಟ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. "ಮಣ್ಣು ಇನ್ನೂ ಆರಿಲ್ಲ, ಅಪ್ಪನ ಮೇಲೆ ಹೊರಿಸ್ತೀಯಾ? ನನ್ನ ಡೆನಿ ಅಂಥವನಲ್ಲ. ನೀನೇ ಮಾಡಿದ್ದು!"

ಯಾರ ಮನೆ ಉಳಿಸಲು ಗೊರೆಟ್ಟಿ ಬಾಯಿ ಬಿಟ್ಟಳೋ ಅವಳೇ ಆ ಬಾಯಿಗೆ ಬಡಿದಿದ್ದಳು.

ಯಜಮಾನಿ ಸಣ್ಣಗೆ ನಕ್ಕಳು. "ಡೆನಿಯೇ ಮಾಡಿದ್ದು. ಅವತ್ತೇ ಗೊತ್ತಿತ್ತು ನನಗೆ. ಪೈಪು ಎಳೀತಿದ್ದವಳು ನೀನೊಬ್ಳೇ. ದಿನಾ ಕಿಟಕಿಯಿಂದ ನೋಡ್ತಿದ್ದೆ."

ಗೊರೆಟ್ಟಿ ಅವಳೆದುರಿಗೆ ಹೋಗಿ ನಿಂತಳು.

"ಮತ್ತೆ ನನ್ನನ್ನ ಯಾಕೆ ಓಡಿಸಿದ್ರಿ?"

"ಇಷ್ಟೂ ಲಾಯ ನೋಡ್ಕೊಳ್ಳೋ ಗಂಡಾಳು ಸುಲಭಕ್ಕೆ ಸಿಗ್ತಾನಾ? ಯಾರನ್ನಾದ್ರೂ ಕಳಿಸ್ಲೇಬೇಕಿತ್ತು. ನೀನು ಹೋದೆ." ಕೈಗವಸಿನ ಬೆರಳುಗಳನ್ನು ಸರಿಮಾಡಿಕೊಂಡಳು. "ಮಾಡದ ತಪ್ಪು ಹೊತ್ಕೊಂಡು ಬಾಯಿ ಮುಚ್ಕೊಂಡು ಹೋದವಳು. ಅಂಥ ಆಳು ಸಿಗೋದು ಇನ್ನೂ ಕಷ್ಟ. ಸಂಜೆಯಿಂದ್ಲೇ ಶುರುಮಾಡು. ಕಡೇ ಲಾಯಕ್ಕೆ ಹೊಸ ಕುದುರೆ ಬರುತ್ತೆ."

"ನನಗೆ ಮಾತು ಕೊಟ್ಟಿದ್ರಿ, ಅಮ್ಮಾವ್ರೇ!" ಎಂದ ಮೊಸ್ಸಿ.

"ಕೊಟ್ಟಿದ್ದೆ," ಎಂದು ಯಜಮಾನಿ ಹೊರಟಳು.

*

ಎಲ್ಲರೂ ಹೋದ ಮೇಲೆ ಗೊರೆಟ್ಟಿ ಅಮ್ಮನನ್ನು ಮಂಚಕ್ಕೆ ಎತ್ತಿ ಹಾಕಿದಳು. ಪೆಗ್ ಗೋಡೆ ನೋಡುತ್ತ ಹೇಳಿದಳು:

"ನನಗೂ ಗೊತ್ತಿತ್ತು. ಅವನು ಅವತ್ತು ರಾತ್ರೀನೇ ಹೇಳಿದ."

"ಗೊತ್ತಿದ್ದೂ..."

"ನೀನು ಗಟ್ಟಿಮುಟ್ಟಾಗಿದ್ದೆ, ಎಲ್ಲಾದ್ರೂ ಬದುಕ್ಕೋತಿದ್ದೆ. ಅವನ ಕೆಲಸ ಹೋಗಿದ್ರೆ ನಾನೆಲ್ಲಿ ಬೀಳ್ಬೇಕಿತ್ತು? ಹೇಳು. ಇವತ್ತೂ ಅಷ್ಟೆ. ಸತ್ತವನ ಬೈದ್ರೆ ಅಮ್ಮಾವ್ರು ಸಿಟ್ಟಾಗಿ ಮನೆ ಕಿತ್ಕೊಂಡಾರು ಅಂದ್ಕೊಂಡೆ."

ಗೊರೆಟ್ಟಿ ಬಾಗಿಲ ಕಡೆ ತಿರುಗಿದಳು. ವಾಟರ್‌ಫರ್ಡಿನಿಂದ ತಂದ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲದ ಹಿಡಿ ಹಿಡಿದು ಸುಮಾರು ಹೊತ್ತು ನಿಂತಳು. ಆಮೇಲೆ ಅದನ್ನು ಕಾಲಿನಿಂದ ಮಂಚದ ಕೆಳಗೆ ನೂಕಿ ಅಂಗಳಕ್ಕೆ ಇಳಿದಳು.

ಕಡೇ ಲಾಯದಲ್ಲಿ ಗುಳಿಗೆ ಸುರಿದಳು. ಪೈಪು ಎಳೆದು ನೀರು ಬಿಟ್ಟಳು. ಗುಳಿಗೆಗಳು ಚಿಟಚಿಟ ಎನ್ನುತ್ತ ಒಡೆದು ಉಬ್ಬತೊಡಗಿದವು. ಪೈನ್ ಮರದ ವಾಸನೆ ಎದ್ದಿತು.

"ಡೆನೀ!" ಮನೆಯಿಂದ ಅಮ್ಮನ ಕೂಗು ಬಂತು. ಅಭ್ಯಾಸಬಲ. ಆಮೇಲೆ ತಿದ್ದಿಕೊಂಡಳು. "ಗೊರೆಟ್ಟೀ! ಒದ್ದೆಯಾಗೋಯ್ತು ಕಣೇ, ಬಾ!"

ಗೊರೆಟ್ಟಿ ಬಗ್ಗಿ ಒಂದು ಹಿಡಿ ಹುಡಿ ಎತ್ತಿ, ಅಂಗೈಯಲ್ಲಿ ಹಿಂಡಿ ನೋಡಿದಳು. ಹದ ಇನ್ನೂ ಬಂದಿರಲಿಲ್ಲ.

"ಇರು," ಎಂದು ಇನ್ನೊಂದು ಚೀಲದ ಬಾಯಿ ಹರಿದಳು.