ಎರಡನೇ ಗುಂಡಿ

ಅಪ್ಪನ ಶ್ರದ್ಧಾಂಜಲಿ ಸಭೆಗೆ ಅವನ ಅಭಿಮಾನಿಗಳೆಲ್ಲ ಅಂಗಿಯ ಎರಡನೇ ಗುಂಡಿ ಕಿತ್ತುಕೊಂಡು ಬಂದಿದ್ದರು. ಟಯರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿತ್ತು ಅವರ ಕ್ಲಬ್ಬು. ಬಾಗಿಲಲ್ಲಿ ಒಂದು ಗಾಜಿನ ಬೋಗುಣಿ. ಒಳಗೆ ಬರುವವರು ಕಿತ್ತ ಗುಂಡಿಯನ್ನು ಅದರಲ್ಲಿ ಹಾಕಿ, ಕಣ್ಣು ಮುಚ್ಚಿ ಕ್ಷಣ ಹೊತ್ತು ನಿಲ್ಲುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ಬೋಗುಣಿಯೊಳಗೆ ಇಣುಕಿ, "ಇಷ್ಟೊಂದು ಅಂಗಿ ಹಾಳು ಮಾಡ್ಕೊಂಡ್ರಲ್ಲೇ, ಪಾಪ" ಎಂದಳು. ಇಸ್ತ್ರಿ ಅಂಗಡಿ ನಡೆಸಿದವಳ ಬುದ್ಧಿ ಇನ್ನೆಲ್ಲಿಗೆ ಹೋದೀತು!

ಹೊರಗಿನವರಿಗೆ ಅಪ್ಪ ಗೊಗ್ಗರಣ್ಣ. ಗಂಟಲಲ್ಲಿ ಜಲ್ಲಿ ತುಂಬಿಕೊಂಡ ಹಾಗೆ ಹಾಡುತ್ತಿದ್ದ. ತಂತಿಯ ಮೇಲೆ ಗಾಜಿನ ಕೊಳವೆ ಜಾರಿಸಿದನೆಂದರೆ ಗಿಟಾರೂ ಬಿಕ್ಕುತ್ತಿತ್ತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಹಾಡುತ್ತಿದ್ದ. ಜೀವನವಿಡೀ ಬ್ಲೂಸ್ ಎಂಬ ಅಳುಹಾಡು, ಜೀವನವಿಡೀ ಒಂದೇ ಗೋಳು: ಅವಳು ಬಿಟ್ಟು ಹೋದಳು, ಒಲೆ ಆರಿತು, ಗುಂಡಿ ಹೊಲಿಯುವವರಿಲ್ಲ.

ಹಾಡಿನಲ್ಲಿ ಹಾಗೆ ಬಿಟ್ಟು ಹೋದ ನಮ್ಮಮ್ಮ ವಾರವಿಡೀ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಅವನಿಗೆ ಗಿಟಾರ್ ತಂತಿ ತಂದುಕೊಡುತ್ತಿದ್ದಳು. ಕ್ಲಬ್ಬಿಗೆ ಹೊರಡುವಾಗ ಅಪ್ಪ ಅವಳು ಗರಿಗರಿಯಾಗಿ ಮಡಿಸಿಟ್ಟ ಅಂಗಿಯನ್ನು ಕೈಯಲ್ಲಿ ಹಿಸುಕಿ ಮುದ್ದೆ ಮಾಡಿ ತೊಟ್ಟುಕೊಂಡು, ಕನ್ನಡಿಯ ಮುಂದೆ ನಿಂತು ಎರಡನೇ ಗುಂಡಿ ಚಟ್ಟನೆ ಕಿತ್ತು ಅವಳ ಅಂಗೈಗೆ ಹಾಕುತ್ತಿದ್ದ.

"ಹೆಂಡ್ತಿ ಇರೋನ ಅಳು ಯಾರಿಗೆ ಬೇಕು ಹೇಳು? ಹೊಟ್ಟೆಪಾಡು ಕಣೇ" ಎನ್ನುತ್ತಿದ್ದ.

ಮರುದಿನ ಅವಳು ಅದನ್ನು ಮತ್ತೆ ಹೊಲಿಯುತ್ತಿದ್ದಳು. ಕ್ಲಬ್ಬಿನ ಕಡೆಗೆ ಮಾತ್ರ ಅಮ್ಮನೂ ನಾನೂ ತಲೆ ಹಾಕಿಯೂ ಮಲಗಬಾರದೆಂದು ಅಪ್ಪನ ಕಟ್ಟಪ್ಪಣೆ.

ಆಸ್ಪತ್ರೆಯಲ್ಲಿ ಅವನ ಪ್ರಾಣ ಹೋದಾಗ ಅವನ ಕೈ ಅಮ್ಮನ ಕೈಯಲ್ಲಿತ್ತು. ನಾವು ಮನೆಯವರೇ ಮಣ್ಣು ಮಾಡಿ ಬಂದೆವು. ಆಮೇಲೆ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: ಅನಾಥನಾಗಿ ಹೋದ ಗೊಗ್ಗರಣ್ಣ. ಅಮ್ಮ ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದಳು.

"ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗು. ನಾನು ಎಲ್ಲೂ ಹೋಗಿರ್ಲಿಲ್ಲ ಅಂತ ಹೇಳಿ ಬಂದ್ಬಿಡ್ತೀನಿ. ಅಷ್ಟೇ ಸಾಕು ನಂಗೆ."

ಹಾಗೆ ಬಂದಿದ್ದೆವು. ಅವನು ಕೊನೆಯ ಸಲ ಕಿತ್ತುಕೊಟ್ಟ ಗುಂಡಿ ಅವಳ ಪರ್ಸಿನಲ್ಲೇ ಇತ್ತು. ಹೊಲಿಯುವಷ್ಟರಲ್ಲಿ ಅವನು ಆಸ್ಪತ್ರೆ ಸೇರಿದ್ದ.

ಕ್ಲಬ್ಬಿನ ಅಧ್ಯಕ್ಷ ಹಲ್ಲಿನ ಡಾಕ್ಟರು. ಮೈಕು ಹಿಡಿದು, "ಆ ಮಹಾತಾಯಿ ಬಿಟ್ಟು ಹೋಗ್ದೇ ಇದ್ದಿದ್ರೆ ನಮಗೆ ಈ ಹಾಡುಗಳು ಎಲ್ಲಿ ಸಿಗ್ತಿದ್ವು?" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಬಸ್ಸಿನ ಕಂಡಕ್ಟರ್, ನನ್ನ ಗಂಟಲಿಗೆ ಮೈಕು ಬೇಡ. ಎದ್ದು ಎಲ್ಲರ ಗ್ರಹಚಾರ ಬಿಡಿಸಬೇಕು ಅನ್ನುವಷ್ಟರಲ್ಲಿ ಅಮ್ಮ ತೊಡೆ ಚಿವುಟಿದಳು.

"ಸುಮ್ನಿರೇ. ನನ್ ಮಾತು ನಾನೇ ಆಡ್ತೀನಿ."

ಅವಳಿಗಿಂತ ಮುಂಚೆ ಒಬ್ಬ ಲಾರಿ ಡ್ರೈವರ್ ಎದ್ದ. ಆಳು ಬೀರುವಿನಂತಿದ್ದ.

"ನನ್ನ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೊರಟೋದ ದಿನ ಲಾರೀನ ಸೀದಾ ಸೇತುವೆಯಿಂದ ಕೆಳಗೆ ಇಳಿಸೋಣ ಅಂತ ಹೊರಟಿದ್ದೆ. ರೇಡಿಯೋದಲ್ಲಿ ಗೊಗ್ಗರಣ್ಣ ಹಾಡ್ತಿದ್ದ. ಇವನನ್ನೂ ಹೆಂಡ್ತಿ ಬಿಟ್ಟೋಗಿದಾಳೆ, ಇವನೇ ಬದುಕಿದಾನೆ, ನಂಗೇನು ಬಂದಿದೆ ರೋಗ ಅನ್ನಿಸ್ತು. ಅವನೊಬ್ಬ ಸುಳ್ಳು ಹೇಳ್ಲಿಲ್ಲ ನಂಗೆ." ಅಷ್ಟು ಹೇಳಿ ಹೋ ಎಂದು ಅತ್ತುಬಿಟ್ಟ.

ಮುಂದಿನ ಸರದಿ ಅಮ್ಮನದು. ಮೈಕಿನ ಮುಂದೆ ನಿಂತವಳು ಆ ಡ್ರೈವರನನ್ನೇ ನೋಡಿದಳು. ಅವನ ಅಂಗಿ ಎದೆಯ ಹತ್ತಿರ ಬಾಯಿ ಬಿಟ್ಟುಕೊಂಡಿತ್ತು. ಹೇಳಮ್ಮಾ, ಹೇಳೇ ಎಂದು ನನ್ನೊಳಗೇ ನಾನು ಕೂಗುತ್ತಿದ್ದೆ.

"ನಾನು..." ಎಂದು ಸೆರಗು ಸರಿಮಾಡಿಕೊಂಡಳು. "ನಾನು ಅವರ ಬಟ್ಟೆ ಇಸ್ತ್ರಿ ಮಾಡ್ತಿದ್ದೆ."

ಇಸ್ತ್ರಿಯವಳೂ ಬಂದಿದ್ದಾಳೆಂದು ಜನಕ್ಕೆ ಎಲ್ಲಿಲ್ಲದ ಸಂತೋಷ. ಇನ್ನಷ್ಟು ಜೋರಾಗಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ ತಮಾಷೆಗೆ, "ಹಂಗೇ ಒಂದು ಗುಂಡೀನೂ ಹೊಲಿದುಕೊಡೋದಲ್ವೇನಮ್ಮ?" ಎಂದು ಕೂಗಿದರು.

"ಅದಕ್ಕೆ ಮನೇಲಿ ಹೆಂಡ್ತಿ ಇರ್ಬೇಕಿತ್ತು ಕಣ್ರೀ" ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು.

ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಅಮ್ಮ ಕೈಮುಗಿದು ಕೆಳಗಿಳಿದಳು. ಅಪ್ಪನ ಮೇಲೆ ಇದ್ದಬದ್ದ ಪ್ರೀತಿಯೆಲ್ಲ ಆ ಗಳಿಗೆಯಲ್ಲಿ ನನ್ನೊಳಗೆ ಸತ್ತುಹೋಯಿತು. ಅವನು ಎದುರಿಗಿದ್ದಿದ್ದರೆ ಗಿಟಾರ್ ಕಿತ್ತುಕೊಂಡು ನೆಲಕ್ಕೆ ಬಡಿಯುತ್ತಿದ್ದೆ.

ಬಾಗಿಲ ಹತ್ತಿರ ಒಬ್ಬ ಹುಡುಗಿ ಅಮ್ಮನನ್ನು ತಡೆದಳು. "ಅಮ್ಮಾ, ನಿಮ್ ಗುಂಡಿ ಹಾಕಿದ್ರಾ?"

ಅಮ್ಮ ಪರ್ಸು ತೆರೆದು ಅಪ್ಪನ ಗುಂಡಿ ತೆಗೆದಳು. ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿ, ಬೋಗುಣಿಗೆ ಹಾಕಿದಳು.

"ಅಯ್ಯೋ, ಏನಮ್ಮಾ ಇದು!" ಎಂದು ನಾನು ಬೋಗುಣಿಯೊಳಗೆ ಕೈ ತೂರಿಸಿದೆ. ಎಲ್ಲವೂ ಬಿಳಿ, ಎಲ್ಲಕ್ಕೂ ನಾಲ್ಕು ತೂತು. "ಇದರಲ್ಲಿ ಯಾವುದಮ್ಮಾ ನಿಂದು?"

"ಹುಡುಕ್ಬೇಡ, ಬಾ" ಎಂದು ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು.

ಕೆಳಗೆ ಗಿಟಾರ್ ಶುರುವಾಯಿತು. ಇಡೀ ನೆಲಮಾಳಿಗೆ ಕಾಲು ಬಡಿಯುತ್ತಾ ಒಂದೇ ದನಿಯಲ್ಲಿ, ಬಿಟ್ಟು ಹೋದಳು, ಬಿಟ್ಟು ಹೋದಳು ಎಂದು ಹಾಡಿತು. ಅಮ್ಮ ಹಿಂತಿರುಗಿ ನೋಡಲಿಲ್ಲ.

"ಈಗ ಹಾಡ್ಕೊಳ್ಲಿ ಬಿಡು" ಎಂದಳು. "ಈಗ ಬಿಟ್ಟು ಬಂದೆ."